ರೂತಳ ಆ ಬೆಳಿಗ್ಗೆ: ಸೋಮವಾರ ಕೆಲಸಕ್ಕೆ ಹೊರಡಬೇಕು, ಧೈರ್ಯ ಸಾಲುತ್ತಿಲ್ಲ

ನಾಲೆ ಪಕ್ಕದ ಮನೆ, ಮಂಡ್ಯ
ಶುಕ್ರವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ನಮ್ಮದು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಒಂದು ಹಳ್ಳಿ. ನಮ್ಮ ಯಜಮಾನರು ತೀರಿಕೊಂಡು ಒಂದೂವರೆ ವರ್ಷ ಆಯಿತು. ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಮೈಸೂರಿಗೆ ಡಯಾಲಿಸಿಸ್‌ಗೆ ಓಡಾಡಿದೆವು. ಹಸು ಮಾರಿದೆವು, ಒಡವೆ ಮಾರಿದೆವು. ಉಳಿಯಲಿಲ್ಲ. ಈಗ ಮನೆಯಲ್ಲಿ ಇರುವುದು ಮೂರೇ ಜನ. ನಾನು, ನಮ್ಮತ್ತೆ, ಎಂಟು ವರ್ಷದ ಮಗಳು. ಅತ್ತೆ ಮಾತು ಬಿಟ್ಟು ಹೆಚ್ಚು ಕಮ್ಮಿ ಅಷ್ಟೇ ದಿನ ಆಯಿತು. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ.

ಸೋಮವಾರದಿಂದ ನಾನು ಗಾರ್ಮೆಂಟ್ಸ್‌ಗೆ ಹೋಗಬೇಕು. ಹೆಲ್ಪರ್ ಕೆಲಸ. ದಾರ ಕತ್ತರಿಸುವುದು, ಬಟ್ಟೆ ಎತ್ತಿ ಕೊಡುವುದು. ಕೆಲಸದ ಭಯ ಇಲ್ಲ, ಗದ್ದೆಯಲ್ಲಿ ನಾಟಿ ಮಾಡಿದ ಕೈ ಇದು. ಭಯ ಬೇರೆ. ಮದುವೆಯಾದ ಮೇಲೆ ಹನ್ನೊಂದು ವರ್ಷ ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಆಸ್ಪತ್ರೆಗೆ ಹೋಗುವಾಗಲೂ ಅವರು ಪಕ್ಕದಲ್ಲಿ ಇದ್ದರು, ಕಾಯಿಲೆ ಬಿದ್ದವರೇ ಆದರೂ. ಬಸ್ ಸ್ಟಾಪಿನ ಅಂಗಡಿ ಕಟ್ಟೆ ಮೇಲೆ ಕೂತವರು ನೋಡುತ್ತಾರೆ. "ಇನ್ನೂ ಎರಡು ವರ್ಷ ತುಂಬಿಲ್ಲ, ಆಗಲೇ ಬ್ಯಾಗು ನೇತುಹಾಕಿಕೊಂಡಳು" ಎಂದು ಒಬ್ಬರು ಅಂದಿದ್ದು ಈಗಾಗಲೇ ಕಿವಿಗೆ ಬಿದ್ದಿದೆ. ರಾತ್ರಿ ಮಲಗಿದರೆ ಎದೆ ಡವಡವ ಅನ್ನುತ್ತದೆ.

ಹೋದ ವಾರ ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಬೈಬಲಿನ ರೂತಳ ಪುಸ್ತಕ ಓದಿದೆವು. ನಾಲ್ಕೇ ಅಧ್ಯಾಯ. ಎಲ್ಲರೂ ಮಾತಾಡಿದ್ದು ಮೊದಲನೇ ಅಧ್ಯಾಯದ ಆ ಮಾತಿನ ಬಗ್ಗೆ, ಗಂಡ ಸತ್ತ ಮೇಲೆ ತವರಿಗೆ ಹೋಗು ಎಂದ ಅತ್ತೆಗೆ ರೂತಳು ಆಣೆ ಇಟ್ಟು ಹೇಳಿದ್ದು. "ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು." ದೊಡ್ಡ ಮಾತು, ನಿಜ. ಆದರೆ ಮನೆಗೆ ಬಂದ ಮೇಲೆ ನನ್ನನ್ನು ಹಿಡಿದುಕೊಂಡಿದ್ದು ಎರಡನೇ ಅಧ್ಯಾಯದ ಎರಡನೇ ವಚನ. ಅತ್ತೆ ನೊವೊಮಿ, ಸೊಸೆ ರೂತಳು, ಇಬ್ಬರೂ ರೂತಳ ದೇಶವಾದ ಮೋವಾಬಿನಿಂದ ಅತ್ತೆಯ ಊರು ಬೇತ್ಲೆಹೇಮಿಗೆ ಬಂದಿದ್ದಾರೆ. ಜವೆಗೋಧಿ ಕೊಯ್ಲು ಆಗಷ್ಟೇ ಶುರುವಾಗಿದೆ. ಮನೆಯಲ್ಲಿ ಗಂಡಸರಿಲ್ಲ. ರೂತಳು ಕೇಳುತ್ತಾಳೆ: ಹೊಲಕ್ಕೆ ಹೋಗಲಾ, ಯಾರು ದಯೆ ತೋರಿಸುತ್ತಾರೋ ಅವರ ಹಿಂದೆ ಹಕ್ಕಲು, ಅಂದರೆ ಕೊಯ್ಲಿನಲ್ಲಿ ಬಿದ್ದ ತೆನೆ, ಆಯ್ದುಕೊಂಡು ಬರುತ್ತೇನೆ. ನೊವೊಮಿ ಹೇಳುವುದು ಇಷ್ಟೇ: ಹೋಗು, ಮಗಳೇ.

ದಾರಿಯಲ್ಲಿ ಆಣೆ ಇಡುವಾಗ ಅತ್ತೆ ಎದುರಿಗೇ ಇದ್ದಳು. ಅಳು ಇತ್ತು, ಪ್ರೀತಿ ಇತ್ತು. ಈ ಬೆಳಿಗ್ಗೆ ಏನಿದೆ? ಗೊತ್ತಿಲ್ಲದ ಊರು. ಯಾರದೋ ಹೊಲ. ಕುಡುಗೋಲು ಹಿಡಿದ ಆಳುಗಳು. ಒಬ್ಬಳೇ ಬದುವಿನ ಮೇಲೆ ನಿಂತು "ನಾನು ಆಯ್ದುಕೊಳ್ಳಲಾ" ಎಂದು ಬಾಯಿಬಿಟ್ಟು ಕೇಳಬೇಕು. ರೂತಳ ಧೈರ್ಯ ನನಗೆ ಕಂಡಿದ್ದು ಅಲ್ಲಿ. ನಿಮಗೆ ಏನನಿಸುತ್ತದೆ? ಹೀಗೆ ಮೊದಲ ಸಲ ಹೊರಗೆ ಕಾಲಿಟ್ಟವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನನಗೆ ಈಗ ಅದು ಬೇಕು.

ಮೇಟಗಳ್ಳಿ ಅಕ್ಕ, ಮೈಸೂರು
ಶುಕ್ರವಾರ ರಾತ್ರಿ 10:58

ತಂಗಿ, ಸೋಮವಾರ ಎಷ್ಟು ಗಂಟೆಗೆ ಬಸ್ಸು ಹೇಳು. ಆ ಹೊತ್ತಿಗೆ ಮೊಣಕಾಲೂರುತ್ತೇನೆ.

ನಾಲೆ ಪಕ್ಕದ ಮನೆ
ಶುಕ್ರವಾರ ರಾತ್ರಿ 11:02

ಆರು ಮುಕ್ಕಾಲು ಅಕ್ಕ.

ನಿವೃತ್ತ ಮೇಷ್ಟ್ರು, ಮಂಡ್ಯ
ಶನಿವಾರ ಬೆಳಿಗ್ಗೆ 6:15

ತಾಯೀ, ನಿಮ್ಮ ಬರಹ ಓದಿ ರೂತಳ ಪುಸ್ತಕ ಮತ್ತೆ ಪೂರ್ತಿ ಓದಿದೆ. ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಣೆ ಇಟ್ಟಿದ್ದು ಸಣ್ಣದಲ್ಲ. ರೂತಳು ಮೋವಾಬ್ಯಳು. ಮೋವಾಬ್ಯರು ಇಸ್ರಾಯೇಲ್ಯರ ಸಭೆಗೆ ಸೇರಬಾರದು ಎಂದು ಬೈಬಲಿನ ಧರ್ಮೋಪದೇಶಕಾಂಡ 23ನೇ ಅಧ್ಯಾಯದಲ್ಲೇ ಬರೆದಿದೆ. ತನ್ನನ್ನು ಒಳಗೆ ಬಿಟ್ಟುಕೊಳ್ಳದ ಜನರನ್ನು "ನನ್ನ ಜನ" ಎಂದು ಕರೆದಳು ಆಕೆ. ಆ ಮಾತು ಬಾಯಿಂದ ಬಂದ ಮೇಲೆ ತಾನೇ ಹೊಲಕ್ಕೆ ಹೋಗುವ ಬೆಳಿಗ್ಗೆ ಬಂದಿದ್ದು?

ಇನ್ನೊಂದು ಗಮನಿಸಿ. ಹೊಲದ ಯಜಮಾನ ಬೋವಜ ಹೊಲಕ್ಕೆ ಬಂದು "ಈ ಹುಡುಗಿ ಯಾರವಳು" ಎಂದು ಕೇಳುತ್ತಾನೆ. ಮೇಸ್ತ್ರಿ ಹೇಳುವುದು "ನೊವೊಮಿಯ ಜೊತೆ ಬಂದ ಮೋವಾಬ್ಯ ಹುಡುಗಿ" ಅಂತ. ಹೆಸರು ಹೇಳುವುದೇ ಇಲ್ಲ. ಹೊರಗಿನವಳು, ಅಷ್ಟೇ ಗುರುತು. ಆದರೆ ಅದೇ ಮೇಸ್ತ್ರಿ ಇನ್ನೊಂದು ಮಾತನ್ನೂ ಹೇಳುತ್ತಾನೆ: ಬೆಳಿಗ್ಗೆ ಬಂದವಳು ಇಲ್ಲಿಯವರೆಗೂ ಕೆಲಸ ಮಾಡುತ್ತಲೇ ಇದ್ದಾಳೆ.

ಸಂಜೆ ಆಯ್ದದ್ದನ್ನು ಬಡಿದು ನೋಡಿದರೆ ಸುಮಾರು ಒಂದು ಏಫಾ ಜವೆಗೋಧಿ. ಏಫಾ ಅಂದರೆ ಹತ್ತಿರ ಹತ್ತಿರ 22 ಲೀಟರ್ ಹಿಡಿಯುವ ಅಳತೆ. ತೂಕಕ್ಕೆ ಹಾಕಿದರೆ ಹನ್ನೆರಡು, ಹದಿಮೂರು ಕೆಜಿ. ಒಬ್ಬ ಹೆಂಗಸು ಒಂದೇ ದಿನದಲ್ಲಿ ಬಿದ್ದ ತೆನೆ ಆಯ್ದು ಅಷ್ಟು ಮಾಡಿದ್ದಾಳೆ.

ಹುಲ್ಲಿನ ಮೆದೆ, ಮದ್ದೂರು ಕಡೆ
ಶನಿವಾರ ಬೆಳಿಗ್ಗೆ 9:30

ನಾವು ಕ್ರೈಸ್ತರಲ್ಲ. ಈ ಕಥೆ ಇವತ್ತು ಇಲ್ಲೇ ಮೊದಲು ಓದಿದ್ದು. ಆದರೆ ಹಕ್ಕಲು ಅನ್ನುವ ಮಾತು ಕಂಡ ಕೂಡಲೇ ನಿಲ್ಲಬೇಕಾಯಿತು. ನಮ್ಮಜ್ಜಿ ಹಕ್ಕಲು ಆಯ್ದು ನಾಲ್ಕು ಮಕ್ಕಳನ್ನು ಸಾಕಿದವರು.

ಇಲ್ಲಿ ಚಿಕ್ಕ ವಯಸ್ಸಿನವರು ನೋಡಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ರಾಗಿ ಕೊಯ್ದು ಹೊರೆ ಕಟ್ಟಿ ಗಾಡಿಗೆ ಏರಿಸುವ ತನಕ ಅಜ್ಜಿಯಂಥವರು ಬದುವಿನ ಮೇಲೆ ಕಾಯುತ್ತಿದ್ದರು. ಹೊಲದವರು ಹೂಂ ಅಂದ ಮೇಲೆ ಇಳಿಯಬೇಕು. ಅದಕ್ಕೆ ಮುಂಚೆ ಇಳಿದರೆ ಬೈಗುಳ. ಇಳಿದ ಮೇಲೆ ಸಂಜೆವರೆಗೆ ಬಗ್ಗಿದ ಸೊಂಟ ಎತ್ತುವ ಹಾಗಿಲ್ಲ. ಕೊಯ್ದ ಕೂಳೆ ಭರ್ಜಿ ಇದ್ದ ಹಾಗೆ ಇರುತ್ತದೆ, ಬರಿಗಾಲು ಕುಯ್ಯುತ್ತದೆ. ಸಿಕ್ಕಿದ ತೆನೆ ಮಡಿಲಿಗೆ. ಮಡಿಲು ತುಂಬಿದರೆ ಬದುವಿನ ಮೇಲಿನ ಬಟ್ಟೆಗೆ. ರಾತ್ರಿ ಬಡಿದು, ಮೊರದಲ್ಲಿ ಕೇರಿದರೆ ಎರಡು ಸೇರು ಬಂದರೆ ಆ ದಿನ ಹಬ್ಬ. ಮೇಷ್ಟ್ರೇ, ಹದಿಮೂರು ಕೆಜಿ ಅಂದರೆ ನನಗೆ ನಂಬಲಿಕ್ಕೇ ಆಗುತ್ತಿಲ್ಲ. ಯಾರೋ ಬೇಕೂಂತಲೇ ಬಿಟ್ಟಿರಬೇಕು.

ಅಜ್ಜಿ ಹೇಳುತ್ತಿದ್ದರು, ಬಗ್ಗಿ ಆಯುವುದು ಕಷ್ಟ ಅಲ್ಲ ಕಣೇ, ಬದುವಿನ ಮೇಲೆ ನಿಂತಿರುವುದು ಕಷ್ಟ ಅಂತ. ನಾಲೆ ಪಕ್ಕದ ಅಕ್ಕ ಬರೆದಿರುವುದೂ ಅದನ್ನೇ ಅಲ್ವಾ. ಈಗ ಭತ್ತಕ್ಕೆ ಮಿಷನ್ ಬಂದಿದೆ, ಹಕ್ಕಲು ಆಯುವವರು ಕಡಿಮೆ. ಬದು ಮಾತ್ರ ಎಲ್ಲ ಕಡೆ ಇದೆ. ನಿಮಗೆ ಬಸ್ ಸ್ಟಾಪು.

ನಿವೃತ್ತ ಮೇಷ್ಟ್ರು
ಶನಿವಾರ ಬೆಳಿಗ್ಗೆ 10:05

ನೀವು ಸರಿಯಾಗಿ ಹಿಡಿದಿರಿ ತಾಯೀ. ಬೇಕೂಂತಲೇ ಬಿಟ್ಟಿದ್ದರು. ಸಿವುಡುಗಳಿಂದ ಒಂದಿಷ್ಟು ತೆನೆ ಎಳೆದು ಬೀಳಿಸಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ ಎಂದು ಬೋವಜ ಆಳುಗಳಿಗೆ ಹೇಳಿದ್ದು 2:16ರಲ್ಲಿದೆ. ಅವಳಿಗೆ ಅದು ಗೊತ್ತಿಲ್ಲ. ಅವಳು ತನ್ನ ಪಾಡಿಗೆ ಆಯುತ್ತಿದ್ದಾಳೆ.

ಯಾಜಕಕಾಂಡ 19:9-10ರಲ್ಲಿ ಒಂದು ಕಟ್ಟಳೆಯೂ ಇದೆ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಹಕ್ಕಲು ಆಯಬಾರದು, ಅದು ಬಡವರಿಗೂ ಪರದೇಶದವರಿಗೂ ಬಿಡಬೇಕು. ಅಂದರೆ ರೂತಳು ಭಿಕ್ಷೆ ಕೇಳಲು ಹೋಗಲಿಲ್ಲ. ದೇವರು ಅವಳಿಗಾಗಿ ಮೊದಲೇ ಬಿಡಿಸಿಟ್ಟ ಪಾಲನ್ನು ಆಯಲು ಹೋದಳು. ಸುಗ್ಗಿ ಹಬ್ಬದಲ್ಲಿ ನಾವು ದೇವಾಲಯಕ್ಕೆ ಭತ್ತ, ಕಬ್ಬು, ಕುಂಬಳಕಾಯಿ ತಂದು ಇಡುತ್ತೇವೆ, ಆಮೇಲೆ ಹರಾಜು ಹಾಕುತ್ತೇವೆ. ಅಂಚು ಬಿಡುವ ಮಾತು ಮಾತ್ರ ಆ ದಿನ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಇದು ಬಹಳ ವರ್ಷದಿಂದ ನೋವು.

ಒರ್ಫಾಳ ಪರ, ಮೈಸೂರು
ಶನಿವಾರ ಮಧ್ಯಾಹ್ನ 1:20

ಬೇರೆ ಮಾತು ಹೇಳಬೇಕು, ಯಾರೂ ಬೇಜಾರಾಗಬೇಡಿ.

ನಮ್ಮಕ್ಕನಿಗೆ ಇಪ್ಪತ್ತಾರು ವರ್ಷಕ್ಕೆ ಗಂಡ ಹೋದ. ಮಣ್ಣು ಮಾಡಿ ಬಂದ ದಿನದಿಂದ ಎಲ್ಲರೂ ಅವಳಿಗೆ ರೂತಳ ಕಥೆ ಹೇಳಿದರು. ಅತ್ತೆಯನ್ನು ಬಿಡಬೇಡ, ರೂತಳ ಹಾಗೆ ಇರು. ಅವಳು ಇದ್ದಳು. ಏಳು ವರ್ಷ ಆ ಮನೆಯ ಪಾತ್ರೆ, ಬಟ್ಟೆ, ಹಸು, ಎಲ್ಲ ಅವಳ ತಲೆ ಮೇಲೆ. ಓದಬೇಕು ಅಂದರೆ "ರೂತಳು ಹೀಗೆ ಕೇಳಿದಳಾ" ಅನ್ನುತ್ತಿದ್ದರು. ಆ ಹೆಸರು ಕೇಳಿದರೆ ನನಗೆ ಈಗಲೂ ಸಂಕಟ ಆಗುತ್ತದೆ.

ದಯವಿಟ್ಟು ಮೊದಲನೇ ಅಧ್ಯಾಯ ಸರಿಯಾಗಿ ಓದಿ. ನೊವೊಮಿ ಇಬ್ಬರೂ ಸೊಸೆಯರಿಗೆ ತವರಿಗೆ ಹೋಗಿ ಎಂದಳು. ಇಬ್ಬರನ್ನೂ ಹರಸಿದಳು. ಇನ್ನೊಬ್ಬ ಸೊಸೆ ಒರ್ಫಾ ಅತ್ತಳು, ಮುತ್ತಿಟ್ಟಳು, ಹೋದಳು. ಅವಳನ್ನು ಬೈದ ಒಂದು ಅಕ್ಷರ ಇಡೀ ಪುಸ್ತಕದಲ್ಲಿ ಇಲ್ಲ. ಮೂರನೇ ಅಧ್ಯಾಯದಲ್ಲಿ ರೂತಳಿಗೆ ಮತ್ತೆ ಮದುವೆ ಮಾಡಿಸಬೇಕು ಎಂದು ಓಡಾಡುವವಳೂ ಅದೇ ಅತ್ತೆ. ಇದನ್ನು ನಮ್ಮಕ್ಕನಿಗೆ ಯಾರೂ ಓದಿ ಹೇಳಲಿಲ್ಲ.

ನಾಲೆ ಪಕ್ಕದ ಅಕ್ಕ, ನಿಮ್ಮ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ನೀವು ಯಾರಿಗೋ ಒಳ್ಳೆಯ ಸೊಸೆ ಅನ್ನಿಸಿಕೊಳ್ಳಲು ಹೋಗುತ್ತಿದ್ದೀರಾ, ನಿಮಗಾಗಿ ಹೋಗುತ್ತಿದ್ದೀರಾ?

ನಾಲೆ ಪಕ್ಕದ ಮನೆ
ಶನಿವಾರ ಮಧ್ಯಾಹ್ನ 3:45

ತಂಗಿ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಿಮ್ಮಕ್ಕನಿಗೆ ಹಾಗೆ ಆಗಬಾರದಿತ್ತು. ಅವರು ಈಗ ಹೇಗಿದ್ದಾರೆ?

ನನ್ನದು ಹೇಳುತ್ತೇನೆ. ನನ್ನನ್ನು ಇಲ್ಲಿ ಯಾರೂ ಕಟ್ಟಿಹಾಕಿಲ್ಲ. ನಮ್ಮಣ್ಣ ಬಂದು ಕರೆದ, ತವರಿಗೆ ಬಾ ಅಂತ. ನಮ್ಮತ್ತೆಯೂ ಹೋಗು ಎಂದರು. ಅವರು ಒಂದೂವರೆ ವರ್ಷದಲ್ಲಿ ಪೂರ್ತಿ ಆಡಿದ ಒಂದೇ ಮಾತು ಅದು ಅನ್ನಬಹುದು. ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ. ಅವರ ಮಗ ಕಾಯಿಲೆ ಬಿದ್ದಾಗ ರಾತ್ರಿ ಕಾಲು ಒತ್ತಿದ್ದು ನಾವಿಬ್ಬರೇ, ಒಂದೊಂದು ಕಾಲು ಒಬ್ಬೊಬ್ಬರು. ಅದನ್ನು ಹೇಗೆ ಬಿಡುವುದು? ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ ಸ್ವಲ್ಪವೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೆಲಸಕ್ಕೆ ಹೊರಟಿರುವುದು ನನಗಾಗಿ, ನನ್ನ ಮಗಳಿಗಾಗಿ.

ಬನ್ನಿಮಂಟಪದ ಅಮ್ಮ, ಮೈಸೂರು
ಶನಿವಾರ ರಾತ್ರಿ 8:10

ನಾನು ಅತ್ತೆ ಸ್ಥಾನದಲ್ಲಿ ಇರುವವಳು. ನೊವೊಮಿಯ ಕಡೆಯಿಂದ ಬರೆಯುತ್ತೇನೆ.

ನನ್ನ ಮಗ ರಸ್ತೆ ಅಪಘಾತದಲ್ಲಿ ಹೋದ. ಮಾತಾಡಿಸಲು ಬಂದವರ ಹತ್ತಿರ ನಾನು ಒಂದೇ ಮಾತು ಹೇಳುತ್ತಿದ್ದೆ. "ನನಗೆ ಇನ್ಯಾರಿದ್ದಾರೆ? ಮನೆ ಖಾಲಿ ಆಯಿತು." ಎರಡು ವರ್ಷ ಇದನ್ನೇ ಹೇಳಿದೆ. ಒಂದು ದಿನ ಬೈಬಲ್ ಓದುವಾಗ ಮೊದಲನೇ ಅಧ್ಯಾಯದ ಕೊನೆ ಬಂತು. ನೊವೊಮಿ ಊರಿಗೆ ಬಂದಾಗ ಹೆಂಗಸರೆಲ್ಲ "ಇವಳು ನೊವೊಮಿಯಾ" ಎಂದು ಮುತ್ತಿಕೊಳ್ಳುತ್ತಾರೆ. ಅವಳು ಹೇಳುತ್ತಾಳೆ, ನನ್ನನ್ನು ಮಾರಾ ಎಂದು ಕರೆಯಿರಿ, ಕಹಿ ಅಂತ. ತುಂಬಿ ಹೋದವಳು, ದೇವರು ಬರಿಗೈಯಲ್ಲಿ ವಾಪಸ್ ತಂದ.

ಬರಿಗೈ ಅಂದಳಲ್ಲ, ಆಗ ರೂತಳು ಎಲ್ಲಿದ್ದಳು? ಪಕ್ಕದಲ್ಲೇ ನಿಂತಿದ್ದಳು! ಎಲ್ಲ ಬಿಟ್ಟು ಅಷ್ಟು ದೂರ ಜೊತೆಗೆ ನಡೆದು ಬಂದವಳು, ಕಾಲಿನ ಧೂಳೂ ಒರೆಸಿರಲಿಕ್ಕಿಲ್ಲ. ಅವಳ ಎದುರಿಗೇ ಅತ್ತೆ ಬರಿಗೈ ಎಂದಳು. ಆ ವಚನ ಓದಿ ನನ್ನ ಕೈ ನಡುಗಿತು. ನಾನು "ಇನ್ಯಾರಿದ್ದಾರೆ" ಎನ್ನುವಾಗಲೆಲ್ಲ ಬಂದವರಿಗೆ ಕಾಫಿ ತಂದು ಕೊಡುತ್ತಿದ್ದವಳು ನನ್ನ ಸೊಸೆ. ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದಳು.

ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ಸಲ ಯಾರೋ ಬಂದಾಗ "ಇವಳಿದ್ದಾಳೆ ನನಗೆ" ಎಂದೆ. ಅವಳು ತಟ್ಟೆ ಇಟ್ಟು ಸೀದಾ ಅಡುಗೆಮನೆಗೆ ಹೋಗಿಬಿಟ್ಟಳು. ತುಂಬ ಹೊತ್ತು ಹೊರಗೆ ಬರಲಿಲ್ಲ.

ಮಗಳೇ, ನಿನ್ನ ಅತ್ತೆ ಮಾತಾಡುವುದಿಲ್ಲ ಎಂದೆಯಲ್ಲ. ನೊವೊಮಿಯೂ ಆ ಬೆಳಿಗ್ಗೆ ಒಂದೇ ಮಾತಾಡಿದ್ದು. ಸೊಸೆಗೆ ದಾರಿ ಹೇಳಲಿಲ್ಲ, ಬೋವಜ ಅನ್ನುವ ನೆಂಟ ಇದ್ದಾನೆ ಅಂತಲೂ ಹೇಳಲಿಲ್ಲ. ದುಃಖ ಬಾಯಿ ಕಟ್ಟುತ್ತದೆ ಕಣಮ್ಮ. ಅವಳ ಬಾಯಿ ತೆರೆದಿದ್ದು ಸಂಜೆ, ಸೊಸೆ ಮನೆಗೆ ಬಂದ ಮೇಲೆ. "ಇವತ್ತು ಎಲ್ಲಿ ಆಯ್ದೆ? ಎಲ್ಲಿ ಕೆಲಸ ಮಾಡಿದೆ?" ಅಲ್ಲಿಂದ ಆ ಅತ್ತೆಗೆ ಜೀವ ಬಂತು.

ಒರ್ಫಾಳ ಪರ
ಶನಿವಾರ ರಾತ್ರಿ 8:40

ಅಮ್ಮ, ಇದನ್ನು ನಮ್ಮಕ್ಕನಿಗೆ ಕಳಿಸುತ್ತೇನೆ. ಅವಳು ಚೆನ್ನಾಗಿದ್ದಾಳೆ, ನಾಲೆ ಪಕ್ಕದ ಅಕ್ಕ. ಈಗ ಅಂಗನವಾಡಿಯಲ್ಲಿ ಕೆಲಸ.

ನೈಟ್ ಡ್ಯೂಟಿ ನರ್ಸ್, ಮೈಸೂರು
ಭಾನುವಾರ ಬೆಳಗಿನ ಜಾವ 4:30

ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ. ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾದದ್ದು 2:9. ಬೋವಜ ಹೇಳುತ್ತಾನೆ: ನಿನ್ನನ್ನು ಮುಟ್ಟಬಾರದು ಎಂದು ನನ್ನ ಆಳುಗಳಿಗೆ ಅಪ್ಪಣೆ ಮಾಡಿದ್ದೇನೆ, ಬಾಯಾರಿದರೆ ಅವರು ತಂದಿಟ್ಟ ನೀರು ಕುಡಿ. ಹೊಲದಲ್ಲಿ ಒಂಟಿ ಹೆಂಗಸಿಗೆ ಏನಾಗಬಹುದು ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನೊವೊಮಿಯೂ ಸಂಜೆ ಅದನ್ನೇ ಹೇಳುತ್ತಾಳೆ, ಅವನ ಹೆಣ್ಣಾಳುಗಳ ಜೊತೆಗೇ ಇರು, ಬೇರೆ ಹೊಲದಲ್ಲಿ ತೊಂದರೆ ಆದೀತು ಎಂದು. ಬೈಬಲ್ ಇದನ್ನು ಮುಚ್ಚಿಟ್ಟಿಲ್ಲ. ದೇವರ ಮೇಲೆ ನಂಬಿಕೆ ಇಡುವುದಕ್ಕೂ ಹುಷಾರಾಗಿರುವುದಕ್ಕೂ ಜಗಳ ಇಲ್ಲ ಅಕ್ಕ.

ಅದಕ್ಕೇ ಕೆಲವು ವಿಷಯ ಹೇಳಿಬಿಡುತ್ತೇನೆ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಹೆಂಗಸರಿಗೆ ಲೈಂಗಿಕ ಕಿರುಕುಳ ಆದರೆ ಅಲ್ಲಿ ದೂರು ಕೊಡಬಹುದು, 2013ರ ಕಾಯ್ದೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲ ವಾರದಲ್ಲೇ ಕೇಳಿ ಇಟ್ಟುಕೊಳ್ಳಿ. ಇಎಸ್‌ಐ, ಪಿಎಫ್ ನಂಬರ್ ಕೇಳಿ. ಬಸ್ಸಿಗೆ ಆಧಾರ್ ಒಯ್ಯಿರಿ, ಶಕ್ತಿ ಯೋಜನೆಯಲ್ಲಿ 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಕೇಳಿದ್ದೀರಾ? ಇಲ್ಲದಿದ್ದರೆ ಯಜಮಾನರ ಮರಣ ಪ್ರಮಾಣ ಪತ್ರ ಹಿಡಿದುಕೊಂಡು ಹೋಗಿ.

ಜಮೀನಿನ ಮಾತೂ ಇದೆ. ಕಥೆಯ ನಾಲ್ಕನೇ ಅಧ್ಯಾಯ ಶುರುವಾಗುವುದೇ ಹೊಲದ ಮಾತಿನಿಂದ ತಾನೆ. ಊರ ಬಾಗಿಲಲ್ಲಿ ಹತ್ತು ಜನ ಹಿರಿಯರನ್ನು ಕೂರಿಸಿ, ಕೆರ ಬಿಚ್ಚಿ ಕೊಟ್ಟು ವ್ಯವಹಾರ ಗಟ್ಟಿ ಮಾಡುತ್ತಾರೆ. ನಮ್ಮ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ, ಮಕ್ಕಳಿದ್ದಾಗ, ಅವನ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ ಸಮ. ಮಗಳ ಹೆಸರಿಗೂ ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ. ಸುಮ್ನೆ ಮುಂದೂಡಬೇಡಿ.

ಹುಲ್ಲಿನ ಮೆದೆ
ಭಾನುವಾರ ಬೆಳಿಗ್ಗೆ 8:00

ನರ್ಸ್ ಅಕ್ಕ ಹೇಳಿದ್ದು ಬರೆದಿಟ್ಟುಕೊಂಡೆ. ಒಂದು ಕೇಳಬೇಕು. ಈ ಕಥೆಯಲ್ಲಿ ದೇವರು ಯಾವಾಗ ಬರುತ್ತಾನೆ? ಕಾಯುತ್ತಲೇ ಓದಿದೆ.

ನಿವೃತ್ತ ಮೇಷ್ಟ್ರು
ಭಾನುವಾರ ಮಧ್ಯಾಹ್ನ 12:50

ಆರಾಧನೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಒಳ್ಳೆಯ ಪ್ರಶ್ನೆ. ಈ ಪುಸ್ತಕದಲ್ಲಿ ದೇವದೂತ ಇಳಿದು ಬರುವುದಿಲ್ಲ. ಸಮುದ್ರ ಸೀಳುವುದಿಲ್ಲ. ಆಕಾಶದಿಂದ ಒಂದು ಮಾತೂ ಕೇಳಿಸುವುದಿಲ್ಲ. ಬೈಬಲಿನಲ್ಲೇ ರಾಣಿ ಎಸ್ತೇರಳಿಗೆ ಅರಮನೆ ಇತ್ತು, ನ್ಯಾಯತೀರಿಸುತ್ತಿದ್ದ ದೆಬೋರಳಿಗೆ ಸೈನ್ಯ ಇತ್ತು. ರೂತಳಿಗೆ ಇದ್ದದ್ದು ಒಂದು ಹೊಲ. ಅದೂ ಅವಳು ಆರಿಸಿಕೊಂಡು ಹೋದದ್ದಲ್ಲ. ಹೋದಳು, ಅದು ಬೋವಜನ ಹೊಲ ಆಗಿತ್ತು, ಅಷ್ಟೇ ಬರೆದಿದೆ. ಹೋಗುವಾಗ ಅವಳಿಗೆ ಅದು ಗೊತ್ತಿರಲಿಲ್ಲ. ಓದುವ ನಮಗೆ ಗೊತ್ತು.

ಕೊನೆಗೆ ಬೋವಜ ಅವಳನ್ನು ಮದುವೆಯಾದ. ಅವಳ ಮಗ ಓಬೇದ, ಅವನ ಮಗ ಇಷಯ, ಅವನ ಮಗ ದಾವೀದ. ಮತ್ತಾಯನ ಮೊದಲನೇ ಅಧ್ಯಾಯದ ಯೇಸುವಿನ ವಂಶಾವಳಿಯಲ್ಲಿ ಈ ಮೋವಾಬ್ಯಳ ಹೆಸರು ಇದೆ. ಮೇಸ್ತ್ರಿ ಬಾಯಲ್ಲಿ ಬಾರದ ಹೆಸರು.

ತಾಯೀ, ನಿನ್ನೆಯಿಂದ ಯೋಚಿಸಿದೆ. ಆಣೆ ದೊಡ್ಡದೋ ಬೆಳಿಗ್ಗೆ ಎದ್ದು ಹೋದದ್ದು ದೊಡ್ಡದೋ ಎಂದು ನಾನು ವಾದ ಹೂಡಿದೆ. ಹೋಗದೆ ಇದ್ದಿದ್ದರೆ ಆ ಆಣೆ ಏನಾಗುತ್ತಿತ್ತು ಎಂದು ನಾನು ಕೇಳಿಕೊಂಡಿರಲೇ ಇಲ್ಲ. ನಿಮ್ಮ ಮಾತೇ ಸರಿ ಅನಿಸುತ್ತಿದೆ.

ಮೇಟಗಳ್ಳಿ ಅಕ್ಕ
ಸೋಮವಾರ ಬೆಳಿಗ್ಗೆ 6:44

ತಂಗಿ, ಕೂತಿದ್ದೇನೆ.

ನಾಲೆ ಪಕ್ಕದ ಮನೆ
ಸೋಮವಾರ ರಾತ್ರಿ 9:50

ಹೋಗಿ ಬಂದೆ.

ಭಯ ಹೋಗಲಿಲ್ಲ, ಅದೂ ನನ್ನ ಜೊತೆಗೇ ಬಸ್ಸು ಹತ್ತಿತು. ಸ್ಟಾಪಿನಲ್ಲಿ ಅಂಗಡಿ ಕಟ್ಟೆ ಕಡೆ ನೋಡಲೇ ಇಲ್ಲ, ಕೈಯಲ್ಲಿದ್ದ ಬುತ್ತಿ ಚೀಲವನ್ನೇ ನೋಡುತ್ತಾ ನಿಂತಿದ್ದೆ. ಮೇಟಗಳ್ಳಿ ಅಕ್ಕ ಈಗ ಮೊಣಕಾಲೂರಿರುತ್ತಾರೆ ಎಂದು ನೆನಪಾಯಿತು. ಹುಲ್ಲಿನ ಮೆದೆ ಅಕ್ಕನ ಅಜ್ಜಿಯೂ ನೆನಪಾದರು. ಬಸ್ಸಿನಲ್ಲಿ ಒಬ್ಬರು ಸರಿದು ಜಾಗ ಕೊಟ್ಟು "ಹೊಸಬರಾ?" ಎಂದರು. ಅವರೂ ಅಲ್ಲಿಗೇ ಹೋಗುವವರು. ಗೇಟಿನವರೆಗೆ ಅವರ ಹಿಂದೆಯೇ ನಡೆದೆ.

ಬೆಳಿಗ್ಗೆ ತಡವಾಗಿ ಕತ್ತರಿಸುತ್ತೇನೆ ಎಂದು ಎರಡು ಸಲ ಬೈಸಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕೈ ಸ್ವಲ್ಪ ಕೂತಿತು. ಊಟಕ್ಕೆ ನಮ್ಮ ಲೈನಿನ ಹುಡುಗಿಯರು ಕರೆದು ಮಧ್ಯೆ ಕೂರಿಸಿಕೊಂಡರು. ಯಾರದೋ ಮಗುವಿನ ಹುಟ್ಟುಹಬ್ಬ ಅಂತ ಎಲ್ಲರಿಗೂ ಒಂದೊಂದು ಮೈಸೂರು ಪಾಕ್ ಕೊಟ್ಟರು. ನಾನು ಅರ್ಧ ತಿಂದು ಅರ್ಧ ಡಬ್ಬಿಯಲ್ಲಿ ಇಟ್ಟುಕೊಂಡೆ. ರೂತಳೂ ಬೋವಜ ಕೊಟ್ಟ ಹುರಿದ ಕಾಳಿನಲ್ಲಿ ತಾನು ತಿಂದು ಮಿಕ್ಕಿದ್ದನ್ನು ಅತ್ತೆಗೆ ತಂದಳು ಎಂದು ಇದೆಯಲ್ಲ, ಅದು ಆಗ ನೆನಪಿರಲಿಲ್ಲ. ಈಗ ಬರೆಯುವಾಗ ನೆನಪಾಯಿತು.

ಮನೆಗೆ ಬಂದಾಗ ಕತ್ತಲಾಗಿತ್ತು. ಅತ್ತೆ ಜಗಲಿ ಮೇಲೆ ಕೂತಿದ್ದರು, ಮಗಳು ಅವರ ತೊಡೆ ಮೇಲೆ. ನಾನು ಚಪ್ಪಲಿ ಬಿಡುವ ಮುಂಚೆಯೇ ಅತ್ತೆ ಕೇಳಿದರು. "ಎಲ್ಲಿ ಕೂರಿಸಿದ್ರು ನಿನ್ನ? ಪಕ್ಕದಲ್ಲಿ ಯಾರಿದ್ರು?"

ಬನ್ನಿಮಂಟಪದ ಅಮ್ಮ, ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಎಲ್ಲ ಹೇಳಿದೆ. ಬಸ್ಸು, ಗೇಟು, ಬೈಸಿಕೊಂಡದ್ದು, ಊಟ. ಅವರು ಪೂರ್ತಿ ಕೇಳಿದರು. ಮೈಸೂರು ಪಾಕ್ ಮುರಿದು ಮೊಮ್ಮಗಳಿಗೆ ಕೊಟ್ಟು, ಉಳಿದ ಚೂರು ತಾವು ಬಾಯಿಗೆ ಹಾಕಿಕೊಂಡರು. ಆಮೇಲೆ ಎದ್ದು ಒಳಗೆ ಹೋಗುವಾಗ "ನಾಳೆ ಬುತ್ತಿ ನಾನು ಕಟ್ತೀನಿ, ನೀನು ಐದು ಗಂಟೆವರೆಗೂ ಮಲಗು" ಎಂದರು.

ಅಕ್ಕ, ನಾಳೆಯೂ ಅದೇ ಬಸ್ಸು.

ಮೇಟಗಳ್ಳಿ ಅಕ್ಕ
ಸೋಮವಾರ ರಾತ್ರಿ 9:55

ಆರು ಮುಕ್ಕಾಲಿಗೆ.